ಹಗುರ ಹೆಡ್, ಕೆಳಗೈ ಎಳೆತ: 7 ವೇಟ್ ಸ್ಪೇ ರಾಡಿಗೆ ಲೈನ್ ಹೊಂದಿಸಿದ ಬಗೆ

ಸ್ಪೇ ರಾಡ್ ಎಂದರೆ ನದಿಯಲ್ಲಿ ಫ್ಲೈ (ಗಾಳಕ್ಕೆ ಗರಿ, ತುಪ್ಪಳ ಕಟ್ಟಿದ ಹುಸಿ ಎರೆ) ಎಸೆದು ಮೀನು ಹಿಡಿಯಲು ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕೋಲು. ಅಂಥ 12 ಅಡಿ 6 ಇಂಚಿನ, 7 ವೇಟ್ (ರಾಡಿನ ಬಲದ ಅಂಕಿ) ರಾಡಿಗೆ 450 ಗ್ರೇನ್ ತೂಕದ ಸ್ಕಾಜಿಟ್ ಹೆಡ್ (ಲೈನಿನ ಮುಂದಿನ ದಪ್ಪ, ಭಾರದ ಗಿಡ್ಡ ಭಾಗ) ಸಾಕು ಅಂದಾಗ ಸಿಯಾಟಲ್ ಸುತ್ತಮುತ್ತ ರಾಡ್ ಹಿಡಿಯುವ ನಮ್ಮ ಕನ್ನಡದ ಗೆಳೆಯರು ಯಾರೂ ಒಪ್ಪಲಿಲ್ಲ. "ಕಡಿಮೆ ಆಯ್ತು ಮಾರಾಯ, 525 ಹಾಕು, ರಾಡ್ ತಾನಾಗೇ ಬಾಗುತ್ತೆ" ಅಂತ ಎಲ್ಲರದೂ ಒಂದೇ ರಾಗ. ಅಂಗಡಿಯಲ್ಲೂ ಅದೇ ಮಾತು. ಈಗ ಸ್ಕೈಕೋಮಿಶ್ ನದಿಯಲ್ಲಿ ಸೊಂಟದ ನೀರಿನಲ್ಲಿ ನಿಂತು, ಹೆಡ್ಡಿನ ತುದಿಗೆ 10 ಅಡಿ ಟಿ-11 ಟಿಪ್ (ಮುಳುಗುವ ಲೈನಿನ ತುಂಡು) ಕಟ್ಟಿ, ಅದೇ 450ರಲ್ಲಿ 85 ಅಡಿ ಸುಮಾರಿಗೆ ಹೊಡೆಯುತ್ತಿದ್ದೇನೆ, ಲೂಪ್ (ಗಾಳಿಯಲ್ಲಿ ಮಡಚಿಕೊಂಡು ಮುಂದೆ ಸಾಗುವ ಲೈನು) ಕೊನೆಯವರೆಗೂ ಚೂಪಾಗಿಯೇ ಹೋಗುತ್ತದೆ. ಬೇಡ ಅಂದವರಲ್ಲಿ ಇಬ್ಬರು ನನ್ನ ಹೆಡ್ ಎರವಲು ಒಯ್ದು ಹಿಂದಿರುಗಿಸಿಲ್ಲ.

ಭಾರದ ಹೆಡ್ ಹೊಸಬರಿಗೆ ಹಿತವಾಗುವುದು ನಿಜ. ರಾಡ್ ಬಾಗಿದ್ದು ಕೈಗೆ ಗೊತ್ತಾಗುತ್ತದೆ. ಆದರೆ 525 ಹಾಕಿದಾಗ ಆ ರಾಡ್ ಹಿಡಿಯ ಕಾರ್ಕಿನ ತನಕ ಬಾಗುತ್ತದೆ, ನೆಟ್ಟಗಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಮೇಲಿನ ಕೈ ತಡೆಯಲಾರದೆ ಮುಂದಕ್ಕೆ ತಳ್ಳಿಬಿಡುತ್ತದೆ. ರಾಡಿನ ತುದಿ ಕೆಳಗಿಳಿಯುತ್ತದೆ, ಲೂಪ್ ಬಾಯಿ ತೆರೆದುಕೊಳ್ಳುತ್ತದೆ, 60 ಅಡಿ ದಾಟುವಷ್ಟರಲ್ಲಿ ಲೈನ್ ಧೊಪ್ ಎಂದು ಬೀಳುತ್ತದೆ. ಡಿ-ಲೂಪ್ (ಹೊಡೆಯುವ ಮುನ್ನ ರಾಡಿನ ಹಿಂದೆ D ಆಕಾರದಲ್ಲಿ ನಿಲ್ಲುವ ಲೈನ್) ಕೂಡ ಜೋತುಬಿದ್ದು ಅದರ ಹೊಟ್ಟೆ ನೀರಿಗೆ ತಾಗುತ್ತದೆ. ಸೊಂಟದ ಆಳಕ್ಕೆ ಇಳಿದರೆ ರಾಡಿನ ಎತ್ತರದಲ್ಲಿ ಸುಮಾರು 3 ಅಡಿ ಹೋಯಿತೆಂದೇ ಲೆಕ್ಕ. ಆಗ ಭಾರದ ಹೆಡ್ಡಿನ ತೊಂದರೆ ಇಮ್ಮಡಿ.

ಎಲ್ಲರೂ ಮರೆಯುವ ಸಂಗತಿ ಒಂದಿದೆ. ಸ್ನ್ಯಾಪ್-ಟಿ, ಡಬಲ್ ಸ್ಪೇ, ಪೆರಿ ಪೋಕ್ ಎಂಬ ಎಸೆತಗಳೆಲ್ಲದರಲ್ಲೂ ಟಿಪ್ ನೀರಿನಲ್ಲಿ ಕೂತಿರುತ್ತದೆ. ನೀರಿನ ಆ ಹಿಡಿತವೂ ರಾಡನ್ನು ಬಾಗಿಸುತ್ತದೆ. ಬಾಗುವ ಕೆಲಸವನ್ನೆಲ್ಲ ಹೆಡ್ಡಿನ ತೂಕದಿಂದಲೇ ಮಾಡಿಸಬೇಕಾಗಿಲ್ಲ. 525ಕ್ಕೂ 450ಕ್ಕೂ ಗ್ರಾಮಿನಲ್ಲಿ ನೋಡಿದರೆ 5ರ ವ್ಯತ್ಯಾಸವಷ್ಟೇ, 34 ಎಲ್ಲಿ, 29 ಎಲ್ಲಿ. ಆದರೆ ಸ್ವೀಪ್ ಮಾಡುವ (ರಾಡನ್ನು ಹಿಂದಕ್ಕೆ ಬೀಸಿ ಡಿ-ಲೂಪ್ ಕಟ್ಟುವ) ಕೈಗೆ ಅದು ಬೇರೆ ರಾಡೇ ಹಿಡಿದಂತೆ.

ತೂಕ ಇಳಿಸುವುದಕ್ಕೆ ಅಗ್ಗದ ದಾರಿ ಎಂದು ಇದ್ದ ಹೆಡ್ ಕತ್ತರಿಸಲು ಹೋಗಬೇಡಿ. 20 ಅಡಿಯ 525 ಗ್ರೇನ್ ಹೆಡ್ ಅಡಿಗೆ ಸರಾಸರಿ 26 ಗ್ರೇನ್. 450ಕ್ಕೆ ತರಬೇಕೆಂದರೆ ಹತ್ತಿರ ಹತ್ತಿರ 3 ಅಡಿ ಹೋಗುತ್ತದೆ, ಉಳಿಯುವುದು 17. ಹನ್ನೆರಡೂವರೆ ಅಡಿ ರಾಡಿಗೆ ಅದು ತೀರಾ ಗಿಡ್ಡ. ಸ್ವೀಪ್ ಸ್ವಲ್ಪ ಬಿರುಸಾದರೂ ಆಂಕರ್ (ನೀರಿಗೆ ಅಂಟಿ ನಿಂತ ಲೈನಿನ ತುದಿ) ಕಿತ್ತುಕೊಂಡು ಹಿಂದಕ್ಕೆ ಹಾರುತ್ತದೆ. ತೂಕ ಸರಿಯಾಯಿತು, ಉದ್ದ ಕೆಟ್ಟಿತು. ಕತ್ತರಿಸಿದ ಹೆಡ್ಡನ್ನು ಯಾರೂ ಕೊಳ್ಳುವುದಿಲ್ಲ ಬೇರೆ, ದುಡ್ಡು ಕಸದ ಬುಟ್ಟಿಗೆ. ಹೆಡ್ ಮತ್ತು ಟಿಪ್ ಸೇರಿ ರಾಡಿನ ಎರಡೂವರೆ ಪಟ್ಟು ಆಸುಪಾಸು ಇರಲಿ. ನನ್ನದು 22 ಅಡಿ ಹೆಡ್, 10 ಅಡಿ ಟಿಪ್, ಆಮೇಲೆ 4 ಅಡಿಯೊಳಗಿನ ಲೀಡರ್ (ಫ್ಲೈ ಕಟ್ಟುವ ತೆಳು ದಾರ). ಚಳಿಗಾಲದ ಸ್ಟೀಲ್‌ಹೆಡ್ ಮೀನಿಗೆ ಲೀಡರ್ ಇದಕ್ಕಿಂತ ಉದ್ದ ಮಾಡಿದರೆ ಟಿಪ್ ಮುಳುಗಿದರೂ ಫ್ಲೈ ಮೇಲೆಯೇ ತೇಲಾಡುತ್ತಿರುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಕಿಲ್ಲ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಅಗ್ಗಕ್ಕೆ ಸಿಗುತ್ತದೆ, ಗ್ರೇನಿನಲ್ಲೇ ತೋರಿಸುತ್ತದೆ. ನನ್ನಲ್ಲಿರುವ ಹೆಡ್‌ಗಳೆಲ್ಲ ಹತ್ತು ಹದಿನೈದು ಗ್ರೇನ್ ಆಚೀಚೆ ಬಂದವು. ಸೆಕೆಂಡ್ ಹ್ಯಾಂಡ್ ಹೆಡ್ ಅರ್ಧ ಬೆಲೆಗೆ ಬರುತ್ತದೆ, ಆದರೆ ಮೊದಲು ತೂಗಿ, ಉದ್ದ ಅಳೆದು, ಆಮೇಲೆ ದುಡ್ಡು ಕೊಡಿ. ಯಾರೋ ತುದಿ ಕತ್ತರಿಸಿ ಹೊಸ ಕುಣಿಕೆ ಬೆಸೆದದ್ದು ಕಣ್ಣಿಗೆ ಕಾಣದಿದ್ದರೂ ತಕ್ಕಡಿಗೆ ಕಾಣುತ್ತದೆ.

ಟಿಪ್ ವಿಷಯಕ್ಕೆ ಬರೋಣ, ಏಕೆಂದರೆ ಹಗುರ ಹೆಡ್ ಸೋಲುವುದು ಅಲ್ಲೇ. ಟಿ-8, ಟಿ-11, ಟಿ-14 ಎಂಬ ಅಂಕಿ ಅಡಿಗೆ ಎಷ್ಟು ಗ್ರೇನ್ ಎಂಬುದರ ಲೆಕ್ಕ. 10 ಅಡಿ ಟಿ-11 ಅಂದರೆ 110 ಗ್ರೇನ್, 450ರ ಕಾಲು ಭಾಗಕ್ಕಿಂತ ಚೂರು ಕಡಿಮೆ. ಗಾಳಿಯಲ್ಲಿ ಲೀಲಾಜಾಲವಾಗಿ ಹೊರಳಿ ನೆಟ್ಟಗಾಗುತ್ತದೆ. ಟಿ-14 ಆದರೆ 140, ಮೂರನೇ ಒಂದು ಭಾಗದ ಹತ್ತಿರ. ಅದಕ್ಕೆ ನೀರು ಕುಡಿದ ದೊಡ್ಡ ಮೊಲದ ತುಪ್ಪಳದ ಫ್ಲೈ ಸೇರಿದರೆ ಹೆಡ್ ಮುಂದಕ್ಕೆ ಹೋಗುತ್ತದೆ, ಟಿಪ್ ಹೊರಳುವುದೇ ಇಲ್ಲ, ಎಲ್ಲ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಟಿಪ್ಪಿನ ತೂಕ ಹೆಡ್ಡಿನ ಕಾಲು ಭಾಗ ದಾಟಬಾರದು ಎಂಬುದು ನಾನು ಕಂಡುಕೊಂಡ ಮಿತಿ. ಟಿ-14 ಬೇಕೇ ಬೇಕು ಅನ್ನುವ ದಿನಕ್ಕೆ 500 ಗ್ರೇನಿನ ಇನ್ನೊಂದು ಹೆಡ್ ಜೇಬಿನಲ್ಲಿರುತ್ತದೆ. ಮಿತಿ ಚೂರು ಮೀರುತ್ತದೆ ನಿಜ, ಆದರೂ ಹೊರಳುತ್ತದೆ.

ಮೈಕ್ ಮೆಕ್ಯೂನ್, ಸ್ಕಾಟ್ ಓ'ಡಾನೆಲ್, ಎಡ್ ವಾರ್ಡ್ ಎಂಬ ಮೂವರು ಸ್ಪೇ ಎಸೆತಗಾರರ ಅಡ್ಡಹೆಸರಿನ ಮೊದಲಕ್ಷರಗಳಿಂದ (M, O, W) ಬಂದ 'ಮೋ' ಟಿಪ್‌ಗಳು ಈ ವಿಷಯದಲ್ಲಿ ಬಲು ಜಾಣತನದ ಕೆಲಸ. ಒಟ್ಟು ಉದ್ದ 10 ಅಡಿಯೇ, ಅದರೊಳಗೆ ಮುಳುಗುವ ಭಾಗ 2.5, 5, 7.5 ಅಡಿ ಹೀಗೆ ಬದಲಾಗುತ್ತದೆ. ಉಳಿದದ್ದು ತೇಲುವ ಲೈನ್. ಆಳ ಬದಲಾದರೂ ಉದ್ದ ಬದಲಾಗದ್ದರಿಂದ ಕೈಯ ಅಂದಾಜು ಕೆಡುವುದಿಲ್ಲ. ಪೂರಾ ಸೆಟ್ ಕೊಂಡರೆ ಜೇಬು ಖಾಲಿ. ಟಿ-11 ಸುರುಳಿ ತಂದು ನಾನೇ ಕತ್ತರಿಸಿ ಬೆಸೆಯುತ್ತೇನೆ. ತೇಲುವ ಭಾಗಕ್ಕೆ ಯಾವ ಹಳೆ ಲೈನ್ ಬಳಸುತ್ತೇನೆ, ಬೆಸುಗೆಯನ್ನು ಹೇಗೆ ಮೆತ್ತಗಾಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಿಷ್ಟು ನನ್ನ ಹತ್ತಿರವೇ ಇರಲಿ.

ಹಗುರ ಹೆಡ್ ಹಾಕಿದ ಮೇಲೆ ಕೈ ನಡೆಸುವ ಬಗೆ ಬದಲಾಗಲೇಬೇಕು. ಇಲ್ಲದಿದ್ದರೆ ಗೆಳೆಯರು ಹೇಳಿದ್ದೇ ಸರಿ, ಹೋಗುವುದಿಲ್ಲ. ಮುಖ್ಯ ಕೆಲಸ ಕೆಳಗಿನ ಕೈಯದು. ಮೊಸರು ಕಡೆಯುವಾಗ ಹಗ್ಗದ ಒಂದು ತುದಿ ಎಳೆದ ಕೈಗೆ ಇನ್ನೊಂದು ಕೈ ಬಿಟ್ಟುಕೊಡುತ್ತದಲ್ಲ, ಅದೇ ತರಹ ಕೆಳಗೈ ಹೊಟ್ಟೆಯ ಕಡೆಗೆ ಎಳೆಯಬೇಕು, ಮೇಲಿನ ಕೈ ಬರೀ ಆನಿಕೆಯಾಗಿ ನಿಲ್ಲಬೇಕು. ಅಭ್ಯಾಸಕ್ಕೆ ಮೇಲಿನ ಹಿಡಿಯನ್ನು ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಹಿಡಿಯಿರಿ. ತಳ್ಳಲು ಬಲವೇ ಇರುವುದಿಲ್ಲ, ಕೆಳಗೈ ತಾನಾಗಿ ದುಡಿಯುತ್ತದೆ. ಕೊನೆಯಲ್ಲಿ ಕೆಳಗೈ ಬೆಲ್ಟಿನ ಮೇಲೆ ಬಂದು ತಾಗಬೇಕು, ರಾಡಿನ ತುದಿ ಎತ್ತರದಲ್ಲೇ ನಿಲ್ಲಬೇಕು.

ನೀರು ಬಲದಿಂದ ಎಡಕ್ಕೆ ಹರಿಯುವ ದಡದಲ್ಲಿ, ಬಲಗೈ ಮೇಲಿಟ್ಟವರಿಗೆ ಸ್ನ್ಯಾಪ್-ಟಿ. ಲೈನ್ ಕೆಳಹರಿವಿನಲ್ಲಿ ನೆಟ್ಟಗಾಗುವ ತನಕ ಕಾಯಿರಿ, ರಾಡಿನ ತುದಿ ನೀರಿಗೆ ತಾಗಿರಲಿ, ಸಡಿಲ ಒಂದಿಂಚೂ ಬೇಡ. ಟಿಪ್ ನೀರಿನ ಮೇಲ್ಮೈಗೆ ಬರುವಷ್ಟು ನಿಧಾನಕ್ಕೆ ಎತ್ತಿ, ಆಮೇಲೆ ತುದಿಯನ್ನು ಕೆಳಕ್ಕೆ ಝಾಡಿಸಿ. ಫ್ಲೈ ನಿಮ್ಮಿಂದ ಮೇಲ್ಹರಿವಿನ ಕಡೆ ಒಂದು ರಾಡಿನಷ್ಟು ದೂರದಲ್ಲಿ ಬೀಳಬೇಕು. ಹತ್ತಿರ ಬಿದ್ದರೆ ಗಾಳ ಕಿವಿಯ ಪಕ್ಕವೇ ಹಾದುಹೋಗುತ್ತದೆ. ದೂರ ಬಿದ್ದರೆ ಲೈನ್ ನೀರಿನಲ್ಲಿ ಎಲ್ ಆಕಾರದಲ್ಲಿ ಮುರಿದು, ಅರ್ಧ ಬಲ ಅದನ್ನು ನೆಟ್ಟಗೆ ಮಾಡುವುದರಲ್ಲೇ ಮುಗಿಯುತ್ತದೆ. ಬಿದ್ದ ಟಿಪ್ ಎತ್ತ ಮುಖ ಮಾಡಿದೆ ನೋಡಿ, ನೀವು ಹೊಡೆಯುವ ದಿಕ್ಕಿಗೇ ಇರಬೇಕು. ಬಿದ್ದ ಕೂಡಲೇ ಸ್ವೀಪ್ ಶುರುವಾಗಲಿ. ಎರಡು ಸೆಕೆಂಡ್ ತಡವಾದರೆ ಟಿ-11 ಇಳಿದುಬಿಡುತ್ತದೆ, 450 ಹೆಡ್ಡಿಗೆ ಅದನ್ನು ಮೇಲೆತ್ತುವ ತ್ರಾಣವಿಲ್ಲ.

ಸ್ವೀಪ್ ತಗ್ಗಿನಲ್ಲಿ, ಒಂದೇ ವೇಗದಲ್ಲಿ. ಕಿವಿಗೊಟ್ಟು ಕೇಳಿ. ಲೈನ್ ನೀರಿನಿಂದ ಸುಲಿದು ಬರುವಾಗ ಸರ್‍ರೆಂದು ಬಟ್ಟೆ ಹರಿದ ಸದ್ದು ಕೊನೆಯವರೆಗೂ ಒಂದೇ ಸಮ ಬಂದರೆ ಸರಿ. ನಡುವೆ ನಿಂತರೆ ಕೈ ನಿಂತಿದೆ, ಬಿಗಿ ಹೋಗಿದೆ. ಛಟ್ ಎಂದರೆ ಆಂಕರ್ ಕಿತ್ತಿದೆ, ಆ ಎಸೆತ ಬಿಟ್ಟುಬಿಡಿ. ಲೂಪ್ ಬಂದು ರಾಡಿನ ತುದಿಗೆ ಬಡಿದರೆ ಸ್ವೀಪ್ ಒಂದು ಮಟ್ಟದಲ್ಲಿ, ಹೊಡೆತ ಇನ್ನೊಂದು ಮಟ್ಟದಲ್ಲಿ ಆಗಿದೆ.

ಎದುರು ದಡದಲ್ಲಿ ಡಬಲ್ ಸ್ಪೇ, ಅದನ್ನು ಇಲ್ಲಿ ವಿವರಿಸುವುದಿಲ್ಲ. ಒಂದು ಮಾತು ಮಾತ್ರ: ಗಾಳಿ ಕೆಳಹರಿವಿನ ಕಡೆ ಬೀಸುತ್ತಿದ್ದರೆ ಸ್ನ್ಯಾಪ್-ಟಿಗೆ ಕೈ ಹಾಕಬೇಡಿ, ಗಾಳಿ ಲೈನನ್ನು ಮೈಮೇಲೇ ತರುತ್ತದೆ. ಕೈ ಅದಲು ಬದಲು ಮಾಡಿಯಾದರೂ ಡಬಲ್ ಸ್ಪೇ ಹೊಡೆಯಿರಿ.

ಹುಲ್ಲಿನ ಮೇಲಿನ ಅಭ್ಯಾಸದಿಂದ ನನಗೆ ದಕ್ಕಿದ್ದು ಕಡಿಮೆ, ಹುಲ್ಲಿಗೆ ನೀರಿನ ಹಿಡಿತವಿಲ್ಲ. ಕೆರೆಯ ನಿಂತ ನೀರು ವಾಸಿ. ಗಾಳದ ಬದಲು ಕೆಂಪು ಉಲ್ಲನ್ ದಾರದ ತುಣುಕು ಕಟ್ಟಿ, ಪ್ರತಿ ಸಲ ರೋಲ್ ಕಾಸ್ಟ್ (ಲೈನನ್ನು ನೀರಿನ ಮೇಲೆ ಮುಂದಕ್ಕೆ ಉರುಳಿಸುವ ಸರಳ ಎಸೆತ) ಹೊಡೆದು ಲೈನ್ ನೆಟ್ಟಗೆ ಮಾಡಿಕೊಂಡು ಶುರುಮಾಡಿ. ಫೋನನ್ನು ಬೆನ್ನ ಹಿಂದೆ ನಿಲ್ಲಿಸಿ ನಿಧಾನಗತಿಯಲ್ಲಿ ಚಿತ್ರೀಕರಿಸಿದರೆ ಮೇಲಿನ ಕೈ ತೆವಳುವುದು ಕಣ್ಣಿಗೆ ಕಟ್ಟುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅದೇ ರಾಡಿಗೆ 420 ಗ್ರೇನಿನ, 33 ಅಡಿಯ ಸ್ಕ್ಯಾಂಡಿ (ಸ್ಕಾಜಿಟ್ಟಿಗಿಂತ ಉದ್ದದ, ಸಪೂರ) ಹೆಡ್ ಹಾಕಿ ನೋಡಿದೆ. ಬೇಸಿಗೆಯ ತಗ್ಗು ನೀರಿಗೆ, 13 ಅಡಿ ಲೀಡರಿಗೆ, ಚಿಕ್ಕ ಫ್ಲೈಗೆ ಅದರಷ್ಟು ಚಂದದ್ದು ಇನ್ನೊಂದಿಲ್ಲ. ಸಿಂಗಲ್ ಸ್ಪೇಯಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಟಿ-11 ಕಟ್ಟಿದರೆ ಮಾತ್ರ ಕೆಲಸಕ್ಕೆ ಬಾರದು, ಅದರ ಮುಂಭಾಗ ಸಪೂರ. ರನ್ನಿಂಗ್ ಲೈನಿಗೆ (ಹೆಡ್ಡಿನ ಹಿಂದೆ ರೀಲಿನ ತನಕ ಇರುವ ತೆಳು ಲೈನ್) ಮೊನೊಫಿಲಮೆಂಟ್ ಹಾಕಿದರೆ ಹತ್ತು ಅಡಿ ಹೆಚ್ಚೇ ಓಡುತ್ತದೆ, ಆದರೆ ಜನವರಿಯ ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಸಿಗುವುದಿಲ್ಲ, ಜಾರುತ್ತದೆ. 0.032 ಇಂಚಿನ ಕೋಟಿಂಗ್ ಇರುವ ಲೈನಿಗೇ ವಾಪಸ್ ಬಂದೆ. ಗೈಡ್‌ಗಳಲ್ಲಿ (ರಾಡಿನುದ್ದಕ್ಕೂ ಲೈನ್ ಹಾಯುವ ಬಳೆಗಳು) ಮಂಜುಗಡ್ಡೆ ಕಟ್ಟದ ಹಾಗೆ ಹಚ್ಚುವುದು ಏನೆಂದು ಕೇಳಬೇಡಿ.

ರನ್ನಿಂಗ್ ಲೈನಿನ ಸುತ್ತುಗಳನ್ನು ದೊಡ್ಡದು, ಸಣ್ಣದು, ಇನ್ನೂ ಸಣ್ಣದು ಎಂದು ಹಿಡಿಯಿರಿ. ಎಂಟು ಎಳೆತಕ್ಕೆ ಒಂದು, ಆರಕ್ಕೆ ಒಂದು, ನಾಲ್ಕಕ್ಕೆ ಒಂದು. ಸಮ ಅಳತೆಯ ಸುತ್ತುಗಳು ಒಂದಕ್ಕೊಂದು ಹೆಣೆದುಕೊಂಡು ಮೊದಲ ಗೈಡಿನಲ್ಲೇ ಗಂಟಾಗುತ್ತವೆ. ರಾಡಿನ ತುದಿಗೂ ಹೆಡ್ಡಿನ ಹಿಂತುದಿಗೂ ನಡುವೆ ಹೊರಬಂದ ರನ್ನಿಂಗ್ ಲೈನ್ ಎರಡು ಅಡಿಯ ಒಳಗೇ ಇರಲಿ. ಹೆಚ್ಚಾದರೆ ಎಳೆತದ ಬಲ ತೆಳು ಲೈನಿನಲ್ಲೇ ಸೋರಿ, ಹೆಡ್ಡಿಗೆ ತಲುಪುವುದಿಲ್ಲ. ಕತ್ತಲಲ್ಲೂ ಬೆರಳಿಗೆ ಸಿಗುವಂತೆ ಆ ಜಾಗಕ್ಕೆ ತೆಳು ದಾರ ಸುತ್ತಿ ಅಂಟು ಹಾಕಿ.