ಕಾಫಿ ತೋಟದಲ್ಲಿ ಸ್ಪ್ಯಾನಿಯಲ್‌ಗೆ ಫೀಲ್ಡ್ ಟ್ರಯಲ್ ಕೆಲಸ ಕಲಿಸೋದು ಹೇಗೆ

ಕಾಕರ್ ಸ್ಪ್ಯಾನಿಯಲ್ ಅಂದ್ರೆ ನಮ್ಮ ಕಡೆ ಸೋಫಾ ಮೇಲೆ ಮಲಗೋ ಉದ್ದ ಕಿವಿ ನಾಯಿ ಅಂತಲೇ ಎಲ್ರೂ ಅಂದ್ಕೊಂಡಿದಾರೆ, ಆದ್ರೆ ಅದು ಪೊದೆ ನುಗ್ಗೋಕೆ ಅಂತಲೇ ಬೆಳೆಸಿದ ತಳಿ, ಕಾಕರ್ ಅನ್ನೋ ಹೆಸರು ಬಂದಿರೋದೂ ವುಡ್‌ಕಾಕ್ ಅನ್ನೋ ಹಕ್ಕಿಯಿಂದ. ನಾನು ಚಿಕ್ಕಮಗಳೂರು ಟೌನಲ್ಲಿ ಕೆಲಸಕ್ಕೆ ಹೋಗೋನು. ದಿನಾ ಬೆಳಿಗ್ಗೆ ಹದಿನೈದು ನಿಮಿಷ ಮನೆ ಹತ್ರ, ಭಾನುವಾರ ಆಲ್ದೂರು ಕಡೆ ಸ್ನೇಹಿತರ ತೋಟದಲ್ಲಿ ಒಂದು ಗಂಟೆ, ನಮ್ಮ ಕಾಕರ್ ಚುಕ್ಕಿಗೆ ಕಲಿಸಿದ್ದೆಲ್ಲ ಇಷ್ಟೇ ಟೈಮಲ್ಲಿ.

ಫೀಲ್ಡ್ ಟ್ರಯಲ್ ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ, ಅದು ಬೇಟೆ ನಾಯಿಗಳ ಕೆಲಸ ನೋಡೋ ಸ್ಪರ್ಧೆ. ಇಂಗ್ಲೆಂಡಲ್ಲಿ ಸ್ಪ್ಯಾನಿಯಲ್‌ಗಳ ಮೊದಲ ಟ್ರಯಲ್ ಆಗಿದ್ದು 1899ರಲ್ಲಿ, ಡರ್ಬಿಶೈರಿನ ಸಟನ್ ಸ್ಕಾರ್ಸ್‌ಡೇಲಲ್ಲಿ. ಇವತ್ತಿನ ಕ್ರಮ ಹೀಗೆ, ಎರಡು ನಾಯಿ ಒಟ್ಟೊಟ್ಟಿಗೆ ಸ್ವಲ್ಪ ದೂರದಲ್ಲಿ ಕೆಲಸ ಮಾಡ್ತವೆ, ಒಂದೊಂದನ್ನ ಒಬ್ಬೊಬ್ಬ ಜಡ್ಜ್ ನೋಡ್ತಿರ್ತಾರೆ. ನಾಯಿ ಬಂದೂಕಿನ ಗುಂಡು ತಲುಪೋ ದೂರದ ಒಳಗೇ ಎಡಕ್ಕೆ ಬಲಕ್ಕೆ ಮೂಸ್ತಾ ಹುಡುಕ್ಬೇಕು, ಹಕ್ಕಿ ಸಿಕ್ರೆ ಎಬ್ಬಿಸ್ಬೇಕು, ಅದು ಹಾರಿದ ತಕ್ಷಣ ಕೂತ್ಬಿಡ್ಬೇಕು, ಗುಂಡು ಹೊಡೆದ್ರೂ ಅಲ್ಲಾಡ್ಬಾರ್ದು, ಹೋಗು ಅಂದ ಮೇಲೆ ಹೋಗಿ ಹಲ್ಲು ಊರದೆ ಮೆತ್ತಗೆ ಕಚ್ಕೊಂಡು ಬಂದು ಕೈಗೆ ಕೊಡ್ಬೇಕು. ಹೇಳದೆ ಓಡಿದ್ರೆ, ಅಟ್ಟಿಸ್ಕೊಂಡು ಹೋದ್ರೆ, ಬೊಗಳಿದ್ರೆ ಔಟ್.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡುಕೋಳಿ ಆಗ್ಲಿ ನವಿಲಾಗ್ಲಿ ಮೊಲ ಆಗ್ಲಿ ಹೊಡೆಯೋ ಹಾಗಿಲ್ಲ, ನಾಯಿ ಬಿಟ್ಟು ಓಡಿಸೋದೂ ತಪ್ಪೇ, ಮತ್ತೆ ಈ ಕಾನೂನು ಇರಲೇಬೇಕಾದ್ದು ಅಂತ ನನ್ನ ಅಭಿಪ್ರಾಯ. ಹಾಗಾಗಿ ನಾವು ಮಾಡೋದೆಲ್ಲ ಡಮ್ಮಿ (ಹಕ್ಕಿ ಬದಲು ಎಸೆದು ತರಿಸೋ ಚಿಕ್ಕ ಮೂಟೆ) ಮತ್ತು ಟೆನ್ನಿಸ್ ಬಾಲಲ್ಲಿ. ಸಾಮಾನು ಜಾಸ್ತಿ ಬೇಡ. ಒಂದು ವಿಸಿಲ್ (ಸ್ಪ್ಯಾನಿಯಲ್‌ನೋರು ಹೆಚ್ಚಾಗಿ ಇಟ್ಕೊಳ್ಳೋದು ಆಕ್ಮೆ 210.5), ಹತ್ತು ಮೀಟರ್ ಹಗ್ಗ, ಅರ್ಧ ಕೆಜಿ ತೂಕದ ಡಮ್ಮಿ. ಡಮ್ಮಿ ಸಿಗ್ಲಿಲ್ಲ ಅಂದ್ರೆ ಹಳೇ ಕಾಲುಚೀಲಕ್ಕೆ ಮರದ ಹೊಟ್ಟು ತುಂಬಿ ಮೇಲೆ ಗೋಣಿ ಸುತ್ತಿ ಹೊಲಿದ್ಬಿಡಿ, ಚುಕ್ಕಿ ಕಲಿತಿದ್ದು ಅದರಲ್ಲೇ.

ಆರು ತಿಂಗಳವರೆಗೆ ಮರಿನ ಮರಿ ಥರಾನೇ ಬಿಡಿ. ಕರೆದ್ರೆ ಬರೋದು, ಊಟದ ತಟ್ಟೆ ಮುಂದೆ ಕೂರೋದು, ಹುಲ್ಲಲ್ಲಿ ಮೂಗು ಉಪಯೋಗಿಸೋದು, ಇಷ್ಟು ಸಾಕು. ಬಾಲ್ ಎಸೆಯೋದು ದಿನಕ್ಕೆ ಎರಡು ಸಲ, ಅದಕ್ಕಿಂತ ಜಾಸ್ತಿ ಬೇಡ. ಬಾಯಲ್ಲಿ ಕಚ್ಕೊಂಡು ಬಂದಾಗ ಕಿತ್ಕೋಬೇಡಿ, ಅದರ ಹಿಂದೆ ಓಡ್ಲೂ ಬೇಡಿ, ನೀವೇ ಕುಕ್ಕರಗಾಲಲ್ಲಿ ಕೂತು ಎದೆ ಸವರಿ, ಅದೇ ಬಿಡುತ್ತೆ. ಎಳೆದಾಡಿದ್ರೆ ಗಟ್ಟಿ ಕಚ್ಚೋದು ಅಭ್ಯಾಸ ಆಗುತ್ತೆ, ಆಮೇಲೆ ಅದನ್ನ ಬಿಡಿಸೋದು ತುಂಬಾ ಕಷ್ಟ.

ಈಗ ಮುಖ್ಯ ವಿಷಯ, ಕೂರೋದು. ನಾನು ಮೊದಲ ವರ್ಷ ಮಾಡಿದ ತಪ್ಪು ಏನಂದ್ರೆ ಖುಷಿಗೆ ದಿನಾ ಇಪ್ಪತ್ತು ಮೂವತ್ತು ಸಲ ಬಾಲ್ ಎಸೆದು ತರಿಸ್ತಿದ್ದೆ, ಎಸೆದಿದ್ದೆಲ್ಲ ನಂದೇ ಅಂತ ಅದರ ತಲೇಲಿ ಕೂತ್ಬಿಡ್ತು. ಎಂಟು ತಿಂಗಳಾಗಿದ್ದಾಗ ತೋಟದಲ್ಲಿ ಲಂಟಾನದಿಂದ ಒಂದು ಕಾಡುಕೋಳಿ ಬುರ್ ಅಂತ ಎದ್ದಿದ್ದೇ ತಡ, ಚುಕ್ಕಿ ಅದರ ಹಿಂದೆ ಹಳ್ಳದ ಕಡೆ ಇಳಿದೋಯ್ತು, ವಿಸಿಲ್ ಊದಿ ಊದಿ ನನ್ನ ತುಟಿ ಒಣಗೋಯ್ತು, ವಾಪಸ್ ಬರೋಕೆ ನಲವತ್ತು ನಿಮಿಷ ಆಯ್ತು. ಚಿರತೆ ಓಡಾಡೋ ಜಾಗ ಅದು, ಆ ನಲವತ್ತು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಆವತ್ತಿಂದ ಎಲ್ಲ ನಿಲ್ಲಿಸಿ ಮೊದಲಿಂದ ಶುರು ಮಾಡಿದೆ.

ಮಾಡೋದು ಹೀಗೆ. ಒಂದು ಉದ್ದ ಊದು ಅಂದ್ರೆ ಕೂರು, ಪಿಪ್ ಪಿಪ್ ಅಂತ ಎರಡು ಅಂದ್ರೆ ತಿರುಗು, ಚಿಕ್ಕ ಚಿಕ್ಕದಾಗಿ ಒಂದೇ ಸಮ ಊದಿದ್ರೆ ಬಾ. ಮೊದಲು ಊಟದ ತಟ್ಟೆ ಹಿಡ್ಕೊಂಡು ಉದ್ದ ಊದಿ ಕೂರಿಸಿ, ಅದು ಪಕ್ಕಾ ಆದ್ಮೇಲೆ ನಡೀತಾ ಇರುವಾಗ, ಆಮೇಲೆ ಓಡ್ತಾ ಇರುವಾಗ. ಕೂತ ಮೇಲೆ ಡಮ್ಮಿ ಎಸೀರಿ, ಹತ್ತರಲ್ಲಿ ಏಳು ಸಲ ನೀವೇ ನಡ್ಕೊಂಡು ಹೋಗಿ ಎತ್ಕೊಂಡು ಬನ್ನಿ, ಮೂರು ಸಲ ಮಾತ್ರ ಅದನ್ನ ಕಳಿಸಿ, ಅದೂ ಹತ್ತು ಸೆಕೆಂಡ್ ಕಾಯಿಸಿ. ಇದು ಗಟ್ಟಿ ಆದ್ಮೇಲೆ ಅದು ಪೊದೆ ಮೂಸ್ತಿರುವಾಗ ಅದರ ಮುಂದೆ ದಿಢೀರಂತ ಬಾಲ್ ಉರುಳಿಸಿ ಉದ್ದ ಊದಿ. ನಾವು ತೋಟದ ಲೈನ್ ಮನೆ (ಕೆಲಸದೋರ ಸಾಲು ಮನೆ) ಹತ್ರ ನಾಟಿ ಕೋಳಿ ಇರೋ ಕಡೆ ಹಗ್ಗ ಹಾಕ್ಕೊಂಡು ನಡೆಸ್ತಿದ್ವಿ, ಮನೆಯೋರನ್ನ ಕೇಳಿ, ದೂರದಿಂದ, ಕೋಳಿಗೆ ಗಾಬರಿ ಆಗದ ಹಾಗೆ. ಕೋಳಿ ರೆಕ್ಕೆ ಬಡಿದ್ರೆ ವಿಸಿಲ್, ಕೂತ್ರೆ ಶಬಾಷ್. ನನಗೆ ಇಷ್ಟಕ್ಕೇ ಐದು ತಿಂಗಳು ಹಿಡೀತು. ಹೊಡೆಯೋ ಅವಶ್ಯಕತೆ ಒಂದು ದಿನಾನೂ ಬರ್ಲಿಲ್ಲ, ಸ್ಪ್ಯಾನಿಯಲ್ ತುಂಬಾ ಮೆತ್ತನೆ ಮನಸ್ಸಿನ ನಾಯಿ, ಒಂದು ಸಲ ಹೆದರಿಸಿದ್ರೆ ಪೊದೆಗೆ ನುಗ್ಗೋದನ್ನೇ ಬಿಟ್ಬಿಡುತ್ತೆ.

ಹುಡುಕೋದು ಕಲಿಸುವಾಗ ಗಾಳಿ ನಿಮ್ಮ ಮುಖಕ್ಕೆ ಹೊಡೀತಿರ್ಬೇಕು, ಸ್ವಲ್ಪ ಒಣ ಹುಲ್ಲು ತೂರಿ ನೋಡಿದ್ರೆ ಗೊತ್ತಾಗುತ್ತೆ. ನೀವು ಹಾವಿನ ಥರ ಓರೆ ಓರೆ ನಡೀರಿ, ನಾಯಿ ಹತ್ತು ಹದಿನೈದು ಹೆಜ್ಜೆ ಪಕ್ಕಕ್ಕೆ ಹೋದ ತಕ್ಷಣ ಎರಡು ಪಿಪ್, ನೀವು ಆ ಕಡೆ ತಿರುಗಿ. ಮೊದಲೇ ಅಲ್ಲಲ್ಲಿ ಬಾಲ್ ಬಚ್ಚಿಟ್ಟಿರಿ, ನಿಮ್ಮ ಹತ್ರ ಇದ್ರೇನೇ ಸಿಗೋದು ಅಂತ ಅದಕ್ಕೆ ಅರ್ಥ ಆದ್ರೆ ದೂರ ಹೋಗಲ್ಲ. ಕಾಫಿ ಗಿಡದ ಸಾಲು ಇದಕ್ಕೆ ಚೆನ್ನಾಗಿ ಒಗ್ಗುತ್ತೆ.

ತೋಟಕ್ಕೆ ಹೋಗೋಕೆ ಮುಂಚೆ ರೈಟರನ್ನ (ತೋಟದ ಕೆಲಸ ನೋಡ್ಕೊಳ್ಳೋರನ್ನ) ಕೇಳದೆ ಕಾಲಿಡ್ಬೇಡಿ. ನಮ್ಮ ಸ್ನೇಹಿತರ ತೋಟದ ರೈಟರ್ ಎಷ್ಟೋ ಸಲ "ಸಾರ್, ಇವತ್ತು ಕೆಳಗಿನ ಕಡೆ ಬೇಡ, ರಾತ್ರಿ ಆನೆ ದಾಟಿದೆ" ಅಂತ ಹೇಳಿ ವಾಪಸ್ ಕಳಿಸಿದಾರೆ. ನವೆಂಬರಿಂದ ಫೆಬ್ರವರಿ ಹಣ್ಣು ಕುಯ್ಯೋ ಟೈಮ್, ಜನ ಕೆಲಸ ಮಾಡೋ ಕಡೆ ನಾಯಿ ಬಿಡ್ಬಾರ್ದು. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದಿರೋ ಕಡೆ, ಬಸವನಹುಳಕ್ಕೆ ಔಷಧಿ ಕಾಳು ಹಾಕಿರೋ ಕಡೆ ಸುಳೀಲೇಬೇಡಿ, ಆ ಕಾಳು ತಿಂದ್ರೆ ನಾಯಿ ಜೀವಕ್ಕೇ ಅಪಾಯ. ಬೇಸಿಗೇಲಿ ಎಂಟೂವರೆ ಒಳಗೆ ಮುಗಿಸಿ, ನೀರು ತಗೊಂಡೋಗಿ.

ಒಂದೂವರೆ ಎರಡು ವರ್ಷ ಆದ್ಮೇಲೆ ಟ್ರಯಲ್ ಥರಾನೇ ಆಡ್ಬಹುದು. ನಾವು ನಾಲ್ಕು ಜನ ತಿಂಗಳಿಗೆ ಒಂದು ಸಲ ಸೇರ್ತೀವಿ, ಎರಡು ನಾಯಿ ಮೂವತ್ತು ಮೀಟರ್ ಅಂತರದಲ್ಲಿ, ಇಬ್ಬರು ಬಿಡೋರು, ಇಬ್ಬರು ಜಡ್ಜ್, ಬಾಲ್ ಎಸೆಯೋದೂ ಜಡ್ಜೇ. ಒಂದು ನಾಯಿ ತರ್ತಿರುವಾಗ ಇನ್ನೊಂದು ಕೂತು ನೋಡ್ಬೇಕು, ಅದೇ ಎಲ್ಲಕ್ಕಿಂತ ಕಷ್ಟದ ಪರೀಕ್ಷೆ. ಹೋದ ತಿಂಗಳು ಮಧ್ಯದಲ್ಲಿ ನಿಜವಾದ ಕಾಡುಕೋಳಿನೇ ಎದ್ದೋಯ್ತು, ನಾನು ವಿಸಿಲ್ ಬಾಯಿಗೆ ಇಡೋ ಮುಂಚೆನೇ ಚುಕ್ಕಿ ಕೂತಿತ್ತು, ಮೈಯೆಲ್ಲ ನಡುಗ್ತಿತ್ತು ಆದ್ರೂ ಕೂತಿತ್ತು, ನನ್ನ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದ್ಮೇಲೆ ಸುಸ್ತಾಯ್ತು ಅಂತ ಮಲಗ್ಬೇಡಿ. ಕಿವಿ ಒಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಉಣ್ಣಿ (ರಕ್ತ ಹೀರೋ ಹುಳ), ಇಂಬಳ (ಜಿಗಣೆ), ಮುಳ್ಳು ಹುಡುಕಿ. ಹಳ್ಳದ ನೀರು ಕುಡಿದಿದ್ರೆ ಮೂಗಿನ ಒಳಗೂ ಇಂಬಳ ಸೇರಿರ್ಬಹುದು, ಪದೇ ಪದೇ ಸೀನಿದ್ರೆ, ರಕ್ತ ಬಂದ್ರೆ ಡಾಕ್ಟರ್ ಹತ್ರ ಹೋಗಿ. ಮಳೆಗಾಲದಲ್ಲಿ ಕಿವಿ ಒಣ ಬಟ್ಟೇಲಿ ಒರೆಸಲೇಬೇಕು. ಊಟ ಬಿಟ್ರೆ, ಒಸಡು ಬಿಳಚಿಕೊಂಡ್ರೆ, ಉಚ್ಚೆ ಕಂದು ಬಣ್ಣಕ್ಕೆ ಬಂದ್ರೆ ಉಣ್ಣಿ ಕಚ್ಚಿ ಬರೋ ಜ್ವರ ಇರ್ಬಹುದು, ಅವತ್ತೇ ತೋರಿಸಿ, ನಾಳೆ ನೋಡೋಣ ಅನ್ಬೇಡಿ.