ಮ್ಯಾಕ್ರೋ ಬರೆಯುವಾಗ ಹೆಸರುಗಳು ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳುವುದು

8086 ಪ್ರೊಸೆಸರ್‌ನ ಅಸೆಂಬ್ಲಿ ಲ್ಯಾಬ್ ಮಾಡಿದವರಿಗೆ, ಪರದೆ ಮೇಲೆ ಮೆಸೇಜ್ ತೋರಿಸುವ ಈ ಮೂರು ಸಾಲು ಬಾಯಿಪಾಠ. ಡಿಎಕ್ಸ್ ರಿಜಿಸ್ಟರ್‌ಗೆ ಮೆಸೇಜಿನ ವಿಳಾಸ, ಎಎಚ್ ರಿಜಿಸ್ಟರ್‌ಗೆ 9, ಆಮೇಲೆ ಡಾಸ್ ಅನ್ನು ಕರೆಯುವ ಇಂಟ್ 21ಎಚ್. (ಮೆಸೇಜಿನ ಕೊನೆಗೆ $ ಮರೆತರೆ ಪರದೆ ತುಂಬಾ ಕಸ.) ಪ್ರತಿ ಸಲ ಇದನ್ನೇ ಬರೆಯುವ ಬದಲು ಮಾಸ್ಮ್ ಅಸೆಂಬ್ಲರ್‌ನಲ್ಲಿ ಮ್ಯಾಕ್ರೋ ಮಾಡಿಕೊಳ್ಳಿ, ಅಂದರೆ ಆ ಸಾಲುಗಳಿಗೆ ಒಂದು ಹೆಸರಿಡಿ; ಹೆಸರು ಬರೆದ ಕಡೆಯಲ್ಲೆಲ್ಲ ಅವು ಬಂದು ಕೂರುತ್ತವೆ. ಮೊದಲ ಸಾಲಿನಲ್ಲಿ ಹೆಸರು, 'ಮ್ಯಾಕ್ರೋ' ಅನ್ನುವ ಪದ, ಪ್ಯಾರಾಮೀಟರ್. ಒಳಗೆ ಆ ಮೂರು ಸಾಲು. ಕೊನೆಗೆ 'ಎಂಡ್‌ಎಂ'. ಇನ್ನು ಮುಂದೆ 'ಡಿಸ್ಪ್ಲೇ ಮೆಸೇಜ್1' ಅಂದರೆ ಸಾಕು.

ಆದರೆ ಇದು ಒಂದೇ ಕಡೆ ಇದ್ದು ಎಲ್ಲ ಕಡೆಯಿಂದ ಕರೆಯುವ ಪ್ರೊಸೀಜರ್ ಅಲ್ಲ. ಹತ್ತು ಕಡೆ ಬಳಸಿದರೆ ಹತ್ತು ಕಾಪಿ ಕೂರುತ್ತವೆ. ಲ್ಯಾಬ್ ಪರೀಕ್ಷೆಯ ದಿನ ನನಗೆ ಇದು ಪೆಟ್ಟು ತಿಂದೇ ಗೊತ್ತಾಗಿದ್ದು. ಡಿಲೇ ಮ್ಯಾಕ್ರೋ ಒಳಗೆ 'ಬ್ಯಾಕ್' ಅಂತ ಲೇಬಲ್ ಇಟ್ಟಿದ್ದೆ. ಒಂದು ಕಡೆ ಬಳಸಿದಾಗ ಚೆನ್ನಾಗಿಯೇ ಓಡಿತು. ಇನ್ನೊಂದು ಕಡೆ ಸೇರಿಸಿದ್ದೇ ತಡ, ಲೇಬಲ್ ಎರಡು ಸಲ ಇದೆ ಅಂತ ಎರರ್. ಫೈಲಿನಲ್ಲಿ ಹುಡುಕಿದರೆ ಒಂದೇ 'ಬ್ಯಾಕ್'! ಅರ್ಧ ಗಂಟೆ ಹಾಳಾಯಿತು. ಮದ್ದು ಒಂದೇ ಸಾಲು. ಮ್ಯಾಕ್ರೋ ಶುರುವಾದ ಕೂಡಲೇ 'ಲೋಕಲ್ ಬ್ಯಾಕ್' ಅನ್ನಿ. ಆಗ ಒಂದೊಂದು ಕಾಪಿಗೂ ಅಸೆಂಬ್ಲರ್ ಬೇರೆ ಹೆಸರು ಕೊಡುತ್ತದೆ: ??0000, ??0001, ಹೀಗೆ.

ಸಿ ಭಾಷೆಯಲ್ಲಿ ಬೇರೆ ತರಲೆ. ಸಂಖ್ಯೆಯ ವರ್ಗಕ್ಕೆ (ಸ್ಕ್ವೇರ್) ಎಕ್ಸ್*ಎಕ್ಸ್ ಅಂತ ಮ್ಯಾಕ್ರೋ ಬರೆದು 3+2 ಕೊಟ್ಟರೆ 25 ಬರುವುದಿಲ್ಲ, 11 ಬರುತ್ತದೆ. ಅದು 3+2*3+2 ಆಗುತ್ತದಲ್ವಾ? ಪ್ರತಿ ಎಕ್ಸ್‌ಗೂ, ಇಡೀ ಸಾಲಿಗೂ ಬ್ರಾಕೆಟ್ ಹಾಕಿ. ಮುಂದೆ ಹೋಗೋಣ.

ಲಿಸ್ಪ್ ಭಾಷೆಯಲ್ಲಿ ಮ್ಯಾಕ್ರೋ ಬೇಕು ಅಂತ ಎಂಐಟಿಯ ಟಿಮೋಥಿ ಹಾರ್ಟ್ ಬರೆದದ್ದು 1963ರಲ್ಲಿ. ಅಲ್ಲಿ ಪ್ರೋಗ್ರಾಮೇ ಒಂದು ಲಿಸ್ಟ್. ಹಾಗಾಗಿ ಮ್ಯಾಕ್ರೋ ಸುಮ್ನೆ ಅಕ್ಷರ ಅಂಟಿಸುವುದಿಲ್ಲ; ಲಿಸ್ಟ್ ತೆಗೆದುಕೊಂಡು, ಲಿಸ್ಪ್‌ನಲ್ಲೇ ಲೆಕ್ಕ ಹಾಕಿ, ಹೊಸ ಲಿಸ್ಟ್ ಕೊಡುತ್ತದೆ. ನಿಮ್ಮದೇ 'ಇಫ್' ಬೇಕಾದರೂ ಮಾಡಿಕೊಳ್ಳಬಹುದು. ಫಂಕ್ಷನ್‌ನಿಂದ ಅದು ಆಗದು; ಫಂಕ್ಷನ್ ಕರೆದರೆ ಕೊಟ್ಟದ್ದನ್ನೆಲ್ಲ ಮೊದಲೇ ಓಡಿಸಿಬಿಡುತ್ತದೆ, 'ಇಫ್'ನಲ್ಲಿ ಎರಡರಲ್ಲಿ ಒಂದೇ ಓಡಬೇಕು.

ಹೆಸರು ಡಿಕ್ಕಿ ಹೊಡೆಯುವ ಹಳೇ ರೋಗ ಮಾತ್ರ ಇಲ್ಲೂ ಇದೆ. ಎರಡು ವೇರಿಯಬಲ್ ಅದಲುಬದಲು ಮಾಡುವ 'ಸ್ವಾಪ್' ಬರೆದು, ಒಳಗೆ 'ಟೆಂಪ್' ಇಟ್ಟುಕೊಂಡಿರಿ ಅನ್ನಿ. ಬಳಸುವವನ ವೇರಿಯಬಲ್ ಹೆಸರೂ 'ಟೆಂಪ್' ಆಗಿದ್ದರೆ ಏನೂ ಬದಲಾಗುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಇದೇ ಜಾಸ್ತಿ ಅಪಾಯ. 'ಜೆನ್‌ಸಿಮ್' ಕರೆದು ಹೊಸ ಹೆಸರು ಪಡೆದು, 'ಟೆಂಪ್'ನಲ್ಲಿ ಇಟ್ಟುಕೊಂಡು, ಮ್ಯಾಕ್ರೋ ಅಚ್ಚಿನಲ್ಲಿ ',ಟೆಂಪ್' ಅಂತ ಬಳಸಿ (ಕಾಮಾ ಅಂದರೆ ಅದರೊಳಗಿನ ಹೆಸರನ್ನು ಇಲ್ಲಿ ಹಾಕು ಅಂತ). ಆಮೇಲೆ ಬೇರೆ ಹೆಸರಿನ ವೇರಿಯಬಲ್‌ಗಳ ಜೊತೆ 'ಸ್ವಾಪ್' ಬರೆದು, ಮ್ಯಾಕ್ರೋ ಬಿಡಿಸಿ ತೋರಿಸುವ 'ಮ್ಯಾಕ್ರೋಎಕ್ಸ್‌ಪ್ಯಾಂಡ್-1'ಗೆ ಕೊಟ್ಟು ಹೊರಬಂದ ಲಿಸ್ಟನ್ನು ಕಣ್ಣಾರೆ ಓದಿ. ಅದರಲ್ಲಿ 'ಟೆಂಪ್' ಇನ್ನೂ ಕಂಡರೆ, ಎಲ್ಲೋ ಒಂದು ಕಾಮಾ ಬಿಟ್ಟಿದ್ದೀರಿ.