ಮೊದಲ ಅಕ್ಷರ ನಮ್ಮದು, ಹೆಸರು ನಿಮ್ಮದು: ಜಾನಪದದ ಊಹೆ ಆಟ ಆಡುವುದು ಹೇಗೆ?

ಅಕ್ಷರ 'ಗ'. ವರ್ಷಕ್ಕೊಮ್ಮೆ ಬಿಲ್ಲು ಹತ್ತುತ್ತೇನೆ, ಆದರೆ ಬಾಣ ಬಿಡುವುದಿಲ್ಲ. ನಾನು ಯಾರು?

ಗೊತ್ತಾಗಲಿಲ್ವಾ? ಇನ್ನೊಂದು ಸುಳಿವು ತಗೊಳ್ಳಿ. ನಾನು 'ಸದ್ದಲೇ' ಅಂದರೆ ಜಾತ್ರೆಗೆ ಜಾತ್ರೆಯೇ ಸುಮ್ಮನಾಗುತ್ತದೆ. ಹೂವಿನಹಡಗಲಿ ಕಡೆಯವರು ಇಷ್ಟರಲ್ಲಿ ಉತ್ತರ ಕೂಗಿಬಿಟ್ಟಿರುತ್ತಾರೆ. ಉಳಿದವರಿಗೆ ಕೊನೆಯ ಸುಳಿವು: ಮೈಮೇಲೆ ಕರಿ ಕಂಬಳಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ. ಹೌದು, ಗೊರವ. ಮೈಲಾರದ ಜಾತ್ರೆಯಲ್ಲಿ ಬಿಲ್ಲೇರಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿಯುವ ಗೊರವಯ್ಯ.

ಆಟ ಅಂದರೆ ಇಷ್ಟೇ. ಒಬ್ಬರು ಮೊದಲ ಅಕ್ಷರ ಹೇಳಬೇಕು, ಒಂದೊಂದೇ ಸುಳಿವು ಬಿಡಬೇಕು, ಉಳಿದವರು ಹೆಸರು ಹಿಡಿಯಬೇಕು. ನಾಲ್ಕು ಜನ ಇದ್ದರೆ ಸಾಕು, ಎಂಟು ಜನ ಇದ್ದರೆ ಗಲಾಟೆ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ಜನರಿದ್ದರೆ ಎರಡು ತಂಡ ಮಾಡಿ. ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿದರೆ ಬೇಕಾದಷ್ಟು ಚೀಟಿ ಸಿಗುತ್ತದೆ. ಬೇರೆ ಖರ್ಚೇನೂ ಇಲ್ಲ.

ಆದರೆ ಆಟ ರುಚಿಸುವುದು, ಕೆಡುವುದು ಎರಡೂ ಸುಳಿವಿನ ಮೇಲೆ. ಅಕ್ಷರ ಬರೀ ನೆಪ. ಅದಕ್ಕೇ ಈ ಲೇಖನದಲ್ಲಿ ಸುಳಿವಿನ ಮಾತೇ ಜಾಸ್ತಿ.

ಮೊದಲು ಅಕ್ಷರದ ಜಗಳ ಮುಗಿಸಿ

ಮೊದಲ ಅಕ್ಷರ ಅಂದರೆ ಯಾವುದು? 'ಕಂಸಾಳೆ'ಗೆ 'ಕ' ಅನ್ನಬೇಕೋ 'ಕಂ' ಅನ್ನಬೇಕೋ? ಇದನ್ನು ಶುರುವಿನಲ್ಲೇ ತೀರ್ಮಾನ ಮಾಡದಿದ್ದರೆ ಮೂರನೇ ಚೀಟಿಗೇ ಜಗಳ ಗ್ಯಾರಂಟಿ.

ಸಣ್ಣ ಮಕ್ಕಳಿದ್ದರೆ ಗುಣಿತಾಕ್ಷರವನ್ನೇ ಪೂರ್ತಿ ಕೊಡಿ. 'ವೀ' ಅಂದರೆ ವೀರಗಾಸೆ, ವೀರಗಲ್ಲು, ವೀರಭದ್ರ ಇಷ್ಟರಲ್ಲೇ ಹುಡುಕಿದರಾಯಿತು. ದೊಡ್ಡವರಿಗೆ ಮೂಲಾಕ್ಷರ ಮಾತ್ರ ಸಾಕು. 'ಕ' ಅಂದಾಗ ಕಂಸಾಳೆ, ಕಸೂತಿ, ಕಿನ್ನಾಳ ಗೊಂಬೆ, ಕೋಟಿ ಚೆನ್ನಯ, ಕೆರೆಗೆ ಹಾರ, ಕರಡಿ ಮಜಲು, ಕೋಲಾಟ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಮಜಾ ಇರುವುದೇ ಅಲ್ಲಿ. ಒತ್ತಕ್ಷರದ ವಿಷಯ ಸುಲಭ: ಶ್ರವಣಬೆಳಗೊಳಕ್ಕೆ 'ಶ'. ಹೆಸರಿನ ಮುಂದಿನ 'ಶ್ರೀ' ಲೆಕ್ಕಕ್ಕಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದರೆ ಅರ್ಧ ದೇವರುಗಳು ಒಂದೇ ಅಕ್ಷರಕ್ಕೆ ಬಂದುಬಿಡುತ್ತಾರೆ.

ಕ, ಗ, ಬ, ಮ, ಹ ತುಂಬಿದ ಅಕ್ಷರಗಳು. ಅಲ್ಲಿಂದಲೇ ಶುರು ಮಾಡಿ. 'ಡ' ಅಂದರೆ ಎಲ್ಲರ ಬಾಯಲ್ಲೂ ಡೊಳ್ಳು ಕುಣಿತವೇ ಬರುತ್ತದೆ, ಸುಳಿವಿಗೆ ಕೆಲಸವೇ ಇರುವುದಿಲ್ಲ. 'ಯ'ಕಾರಕ್ಕೆ ಯಕ್ಷಗಾನ ಕಾದು ಕೂತಿರುತ್ತದೆ. ಣ, ಳ ಚೀಟಿ ಬರೆಯುವ ಗೊಡವೆಗೇ ಹೋಗಬೇಡಿ.

ಉಚ್ಚಾರದ ತಕರಾರುಗಳೂ ಬರುತ್ತವೆ. ಸವದತ್ತಿಯ ತಾಯಿ ಎಲ್ಲಮ್ಮನೋ ಯಲ್ಲಮ್ಮನೋ? ಎರಡೂ ಬರೆಯುತ್ತಾರೆ. ಒನಕೆ ಓಬವ್ವನ್ನ 'ಒ'ಕ್ಕೆ ಹಾಕುವುದೋ 'ಓ'ಕ್ಕೋ? 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಗಿದೆ, ಗುಲ್ಬರ್ಗ ಕಲಬುರಗಿಯಾಗಿದೆ. ಅಜ್ಜ 'ಬ' ಅಂತಾರೆ, ಮೊಮ್ಮಗಳು 'ವ' ಅಂತಾಳೆ. ಹಳೇ ಮೈಸೂರು ಕಡೆಯ ಅಳಗುಳಿಮಣೆ ಕರಾವಳಿಗೆ ಹೋದರೆ ಚೆನ್ನೆಮಣೆ. ನನ್ನ ಪ್ರಕಾರ ಇದಕ್ಕೆಲ್ಲ ಒಂದೇ ನಿಯಮ ಸಾಕು: ಚೀಟಿ ಬರೆದವರ ಮನೆಯಲ್ಲಿ ಹೇಗೆ ಕರೆಯುತ್ತಾರೋ ಅದೇ ಅಕ್ಷರ. ಆದರೆ ಉತ್ತರ ಹೇಳುವವರು ತಮ್ಮ ಕಡೆಯ ಹೆಸರು ಹೇಳಿದರೂ ಅಂಕ ಕೊಡಬೇಕು.

ಚೀಟಿ ತುಂಬಿಸುವುದು

ಒಬ್ಬೊಬ್ಬರು ಐದೈದು ಚೀಟಿ ಬರೆಯಲಿ. ಬೇರೆಯವರು ನೋಡಬಾರದು. ಎಲ್ಲರೂ ಹಂಪಿ, ಯಕ್ಷಗಾನ, ಗೋಳಗುಮ್ಮಟವನ್ನೇ ಬರೆದರೆ ಬೇಸರ ಬರುತ್ತದೆ. ಹಾಗಾಗಿ ಐದರಲ್ಲಿ ಒಂದು ಕುಣಿತ ಅಥವಾ ಆಟ, ಒಂದು ಕತೆ ಅಥವಾ ಹಾಡು, ಒಂದು ಜಾಗ, ಒಂದು ಕೈಕಸುಬು ಇರಲಿ. ಐದನೆಯದು ಮಾತ್ರ ಅವರ ಸ್ವಂತ ಊರಿನದೇ ಆಗಬೇಕು. ಊರ ಮುಂದಿನ ವೀರಗಲ್ಲು, ಕೆರೆ ಏರಿಯ ಮೇಲಿನ ಗುಡಿ, ಗ್ರಾಮದೇವತೆ, ಜಾತ್ರೆಯಲ್ಲಿ ಬರುವ ವೇಷ, ಏನಾದರೂ ಆಗಬಹುದು. ಈ ಐದನೇ ಚೀಟಿಯೇ ಆಟದ ಜೀವ. ಪುಸ್ತಕದಲ್ಲಿ ಸಿಗದ್ದು, ಮನೆಯ ಹಿರಿಯರನ್ನು ಕೇಳದೆ ಬರೆಯೋಕೆ ಆಗದ್ದು ಇದೊಂದೇ.

ಸರಕು ಸಾಲದು ಅನ್ನಿಸಿದರೆ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ. ತೊಗಲುಗೊಂಬೆ, ಯಕ್ಷಗಾನದ ವೇಷ, ಬೇಸಾಯದ ಹಳೇ ಸಾಮಾನು ಎಲ್ಲ ಒಂದೇ ಕಡೆ ನೋಡಲು ಸಿಗುತ್ತವೆ.

ಸುಳಿವು ಕಟ್ಟುವ ಕಲೆ

ಮೂರು ಸುಳಿವು. ಮೊದಲನೆಯದಕ್ಕೇ ಹೇಳಿದರೆ ಮೂರು ಅಂಕ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ದೂರದಿಂದ ಹತ್ತಿರಕ್ಕೆ ಬರಬೇಕು.

'ಇದು ಒಂದು ಜಾನಪದ ಕುಣಿತ' ಅನ್ನುವುದು ಸುಳಿವಲ್ಲ. ಪೂಜಾ ಕುಣಿತ, ಪಟ ಕುಣಿತ, ಸೋಮನ ಕುಣಿತ, ಸುಗ್ಗಿ ಕುಣಿತ ಅಂತ ನೂರು ಕುಣಿತ ಇವೆ. 'ಚಾಮರಾಜನಗರ ಜಿಲ್ಲೆಯಲ್ಲಿ ಪ್ರಸಿದ್ಧ' ಅನ್ನುವುದೂ ಅಷ್ಟೇ, ಅದು ಪರೀಕ್ಷೆ ಪೇಪರಿನ ಭಾಷೆ. ಒಳ್ಳೆಯ ಸುಳಿವು ಒಗಟಿನ ಹಾಗೆ ನಿಜ ಹೇಳುತ್ತಲೇ ದಾರಿ ತಪ್ಪಿಸುತ್ತದೆ.

ಕಂಸಾಳೆಯನ್ನೇ ತಗೊಳ್ಳಿ. ಮೊದಲು ಕಣ್ಣು ಮುಚ್ಚಿ ನೋಡಿ: ಏನು ಕಾಣುತ್ತದೆ, ಏನು ಕೇಳಿಸುತ್ತದೆ? ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ಚಪ್ಪಟೆ ತಾಳ. ಕುಣಿಯುತ್ತಾ ತಲೆ ಮೇಲೆ, ಬೆನ್ನ ಹಿಂದೆ, ಪಕ್ಕದವನ ತಾಳಕ್ಕೂ ಹೊಡೆಯುತ್ತಾರೆ. ಹಾಡುವುದು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕತೆ. ಹಾಡುವವರು ಅವನ ಭಕ್ತರಾದ ದೇವರಗುಡ್ಡರು. ಈಗ ಇವನ್ನು ದೂರದಿಂದ ಹತ್ತಿರಕ್ಕೆ ಜೋಡಿಸಿ. ಮೊದಲ ಸುಳಿವು: 'ನಾವಿಬ್ಬರು ಜೋಡಿ, ಆದರೆ ಒಬ್ಬ ಬಟ್ಟಲು, ಇನ್ನೊಬ್ಬ ತಟ್ಟೆ. ನಮ್ಮಲ್ಲಿ ಊಟ ಬಡಿಸಲ್ಲ.' ಎರಡನೆಯದು: 'ನನ್ನನ್ನು ಹಿಡಿದವರು ದೇವರಗುಡ್ಡರು.' ಮೂರನೆಯದು: 'ನಾನಿಲ್ಲದೆ ಮಾದಪ್ಪನ ಕತೆ ಕುಣಿಯುವುದಿಲ್ಲ.' ಮೊದಲನೆಯದರಲ್ಲಿ ವಸ್ತು, ಎರಡನೆಯದರಲ್ಲಿ ಜನ, ಮೂರನೆಯದರಲ್ಲಿ ದೇವರು. ಈ ಕ್ರಮ ಬಹಳಷ್ಟು ಚೀಟಿಗೆ ಹೊಂದುತ್ತದೆ.

ಕತೆಗಳಿಗೆ ಹೆಸರು ಹೇಳದೆ ನಡೆದದ್ದನ್ನು ಹೇಳಿ. 'ಕೆರೆ ಕಟ್ಟಿಸಿದರು, ಒಂದು ಹನಿ ನೀರಿಲ್ಲ. ಕೊನೆಗೆ ನೀರು ಬಂತು, ಮನೆಯ ಕಿರಿಸೊಸೆ ಬರಲಿಲ್ಲ.' ಕೆರೆಗೆ ನೀರು ಬರಲೆಂದು ಬಲಿಯಾದ ಸೊಸೆ ಭಾಗೀರಥಿಯ ಕತೆ ಕೇಳಿದವರಿಗೆ 'ಕೆರೆಗೆ ಹಾರ' ಅಂತ ಹೊಳೆಯಲು ಇಷ್ಟು ಸಾಕು.

ಇನ್ನೊಂದು ಎಚ್ಚರ. ಜಾತಿಯ ಹೆಸರನ್ನೇ ಸುಳಿವು ಮಾಡಬೇಡಿ. ಕಲೆಯ ಹಿಂದೆ ಸಮುದಾಯ ಇದ್ದೇ ಇರುತ್ತದೆ, ಉತ್ತರ ಬಂದ ಮೇಲೆ ಅದರ ಬಗ್ಗೆ ಗೌರವದಿಂದ ಮಾತಾಡಬಹುದು. ಭೂತ, ದೈವಗಳ ಚೀಟಿ ಬಂದಾಗ ಮೈಮೇಲೆ ಬಂದಂತೆ ನಟಿಸಿ ತೋರಿಸುವುದೂ ಬೇಡ. ಕರಾವಳಿಯಲ್ಲಿ ಅದು ಇವತ್ತಿಗೂ ನಡೆಯುವ ಆರಾಧನೆ, ಮನರಂಜನೆಯಲ್ಲ.

ಕತೆಗೂ ಅಂಕ

ಹೆಸರು ಹೇಳಿದವರಿಗೆ ಅಂಕ ಸಿಕ್ಕಿತು. ಈಗ ಅವರೇ ಅದರ ಬಗ್ಗೆ ಎರಡು ಮಾತು ಹೇಳಿದರೆ ಇನ್ನೊಂದು ಅಂಕ. ಅವರಿಗೆ ಗೊತ್ತಿಲ್ಲದಿದ್ದರೆ ಬೇರೆ ಯಾರಾದರೂ ಹೇಳಿ ಆ ಅಂಕ ಕಸಿದುಕೊಳ್ಳಬಹುದು. ಜನಪದ ಕತೆಗೆ ಊರಿಗೊಂದು ಪಾಠ ಇರುತ್ತದೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಕೇಳಿದಂತೆ ಇಲ್ಲ ಅಂತ ಅಂಕ ಕಟ್ ಮಾಡಬೇಡಿ. ಎರಡನೇ ಪಾಠ ಹೇಳಿದವರಿಗೂ ಅಂಕ ಕೊಡಿ. ಇಸವಿ, ದೊರೆಯ ಹೆಸರು ಮಾತ್ರ ಬೇರೆ ವಿಷಯ. ಅಲ್ಲಿ ಬಾಯಿಗೆ ಬಂದದ್ದು ನಡೆಯುವುದಿಲ್ಲ.

ಕೈ ಪಳಗಿದ ಮೇಲೆ: ತಿರುಗುಬಾಣ

ಇದು ಸ್ವಲ್ಪ ಕಷ್ಟ, ಆದರೆ ನನಗೆ ಎಲ್ಲಕ್ಕಿಂತ ಇಷ್ಟ. ಇಲ್ಲಿ ಚೀಟಿ ಹಿಡಿದವರು ಸುಳಿವು ಕೊಡುವುದೇ ಇಲ್ಲ. ಬರೀ ಅಕ್ಷರ ಹೇಳಿ ಸುಮ್ನೆ ಕೂರುತ್ತಾರೆ. ಪ್ರಶ್ನೆ ಕೇಳುವ ಹಕ್ಕನ್ನು ಉಳಿದವರು ಗೆಲ್ಲಬೇಕು. ಹೇಗೆ?

ಚೀಟಿಯಲ್ಲಿ 'ಕೆರೆಗೆ ಹಾರ' ಇದೆ ಅಂದುಕೊಳ್ಳಿ, ಹೇಳಿದ ಅಕ್ಷರ 'ಕ'. ಒಬ್ಬರು ಕೇಳುತ್ತಾರೆ: 'ಅದು ತುಳುನಾಡಿನ ಅವಳಿ ವೀರರಾ?' ಚೀಟಿಯವರು ತಕ್ಷಣ 'ಅಲ್ಲ, ಕೋಟಿ ಚೆನ್ನಯ ಅಲ್ಲ' ಅಂದರೆ ಬಚಾವ್. ಇನ್ನೊಬ್ಬರು: 'ಬಟ್ಟೆ ಮೇಲೆ ಸೂಜಿಯಲ್ಲಿ ಗೋಪುರ, ತೇರು ಕಟ್ಟೋದಾ?' ಚೀಟಿಯವರು ತಲೆ ಕೆರೆದುಕೊಳ್ಳುತ್ತಾರೆ, ಹೊಳೆಯುವುದಿಲ್ಲ. 'ಕಸೂತಿ!' ಅಂತ ಕೇಳಿದವರೇ ಹೇಳಿ, ಹೌದು-ಅಲ್ಲ ಪ್ರಶ್ನೆಯೊಂದನ್ನು ಗೆದ್ದುಕೊಳ್ಳುತ್ತಾರೆ. 'ಅದು ಹಾಡಿನಲ್ಲಿ ಬರುತ್ತಾ?' 'ಹೌದು.' ಅಲ್ಲಿಂದ ಬಲೆ ಬಿಗಿಯಾಗುತ್ತಾ ಹೋಗುತ್ತದೆ. ಒಂದು ಚೀಟಿ ಬಯಲಾಗುವಷ್ಟರಲ್ಲಿ ಅದೇ ಅಕ್ಷರದ ಎಷ್ಟೋ ಹೆಸರು ಹೊರಗೆ ಬಂದಿರುತ್ತವೆ.

ಅಕ್ಷರದ ಸರ

ಬಸ್ಸಿನಲ್ಲಿ, ಕಾರಿನಲ್ಲಿ ಹೋಗುವಾಗ ಚೀಟಿ ಬೇಡ. ಒಂದು ಗುಂಪಿನ ಹೆಸರುಗಳ ಮೊದಲ ಅಕ್ಷರ ಪೋಣಿಸಿ ಹೇಳಿ. ಇಲ್ಲಿ ಗುಣಿತ ಸಮೇತ ಹೇಳುವುದೇ ಒಳ್ಳೆಯದು. 'ಬಾ-ಐ-ಪ' ಅಂದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. 'ಬೇ-ಹ-ಸೋ, 2023' ಅಂದರೆ ಆ ವರ್ಷ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹೊಯ್ಸಳರ ಗುಡಿಗಳು: ಬೇಲೂರು, ಹಳೇಬೀಡು, ಸೋಮನಾಥಪುರ. 'ಶ್ರ-ಕಾ-ವೇ-ಧ' ಕೇಳಿದಾಗ ಎತ್ತರಕ್ಕೆ ನೋಡಬೇಕು. ಶ್ರವಣಬೆಳಗೊಳ, ಕಾರ್ಕಳ, ವೇಣೂರು, ಧರ್ಮಸ್ಥಳ, ನಾಲ್ಕೂ ಕಡೆ ಬಾಹುಬಲಿ ನಿಂತಿದ್ದಾನೆ. ಕಾರ್ಕಳದವನು 1432ರವನು, ವೇಣೂರಿನವನು 1604ರವನು ಅಂತ ಇಸವಿ ಹೇಳಿದವರಿಗೆ ಹೆಚ್ಚಿನ ಅಂಕ.

ಇವತ್ತೇ ಆಡಲು ಐದು ಚೀಟಿ

ನ: ನನ್ನನ್ನು ಬಾಗಿಲ ಮೇಲೆ ಬರೆಯುತ್ತಿದ್ದರು. ಓದಿದವಳು ಒಳಗೆ ಬರದೆ ವಾಪಸ್ ಹೋಗುತ್ತಿದ್ದಳು.

ವ: ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಮೂರು ಅಂತಸ್ತಿದೆ, ಮನೆಯಲ್ಲ.

ಬ: ನನ್ನ ಮೈಯ ಕಪ್ಪು ಹಳೇ ಕೋಟೆಯ ಮಣ್ಣಿನಿಂದ ಬಂದದ್ದು. ಒಡವೆ ಮಾತ್ರ ಬೆಳ್ಳಿಯದು.

ತ: ಬಣ್ಣ ಚರ್ಮದ ಮೇಲೆ, ಕಾಣುವುದು ಬಟ್ಟೆಯ ಮೇಲೆ. ದೀಪ ಆರಿದರೆ ನಾನಿಲ್ಲ.

ಅ: ಹೊಟ್ಟೆ 14, ತಿನ್ನುವುದು ಹುಣಸೆ ಬೀಜ.

(ಉತ್ತರ: ದೆವ್ವ ಒಳಗೆ ಬರದಿರಲಿ ಅಂತ ಬರೆಯುತ್ತಿದ್ದ 'ನಾಳೆ ಬಾ', ವೀರಗಲ್ಲು, ಬಿದರಿ, ತೊಗಲುಗೊಂಬೆ, ಅಳಗುಳಿಮಣೆ. ಕೊನೆಯದಕ್ಕೆ ಮಂಗಳೂರಿನವರು 'ಚೆನ್ನೆಮಣೆ' ಅಂದರೂ ಅಂಕ ಕೊಡಿ.)